ಹಾಡಿನ ಕಟ್ಟಿ: 'ಲಂಬಾಡಾ' ಯಾರ ಧಾಟಿ?

ಹೋದ ಸಂಚಿಕೆಯೊಳಗ ಒಂದ್ ಸಾಲು ಬರ್ದಿದ್ದೆ. ಬಳ್ಳಾರಿ ಕೌಲ್ ಬಜಾರ್‌ನಾಗ ಒಂದು ಮದುವಿ ಮೆರವಣಿಗಿ, ಬ್ಯಾಂಡ್‌ನವ್ರು ಒಂದ್ ಕಾಲಕ್ಕ ಜಗತ್ತೆಲ್ಲಾ ಕುಣಿದ 'ಲಂಬಾಡಾ' ಹಾಡು ಬಾರಿಸ್ಕೋತ ಹೊಂಟಿದ್ರು, ಮುಂದ ಕುಣಿಯೋ ಹುಡುಗ್ರಿಗೆ ಅದು ತಮ್ಮ ಅಪ್ಪನ ಕಾಲದ ಹಾಡು ಅಂತಾನೂ ಗೊತ್ತಿಲ್ಲ, ಕಾಲು ಮಾತ್ರ ತಾವಾಗೇ ಹಾರ್ತಿದ್ವು ಅಂತ. ಅಷ್ಟೇ ಬರ್ದಿದ್ದು. ಅದಕ್ಕ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಬರ್ತಾವ ಅಂತ ಅನ್ಕೊಂಡಿರ್ಲಿಲ್ಲ ನೋಡ್ರಿ. ಹಿಂಗಾಗಿ ಈ ಸಲ ಬ್ಯಾರೆ ಪ್ರಶ್ನೆ ಎಲ್ಲಾ ಬಾಜೂಕ ಇಟ್ಟೀನಿ. ಹಾರ್ಮೋನಿಯಂ ಸುರ ಕೂಡಿಸೋದು ಹೆಂಗ ಅಂತ ಕೇಳಿದ ಮಸ್ಕಿ ಹಿರಿಯರು ಬೇಜಾರ್ ಮಾಡ್ಕೋಬ್ಯಾಡ್ರಿ, ಮುಂದಿನ ಸಂಚಿಕೆಯೊಳಗ ನಿಮ್ದೇ ಮೊದಲು.

ಪ್ರಶ್ನೆ: ಅಣ್ಣಾರ, ನಾವು ಲಂಬಾಣಿ ಮಂದಿ. ತೆಲಂಗಾಣ ಕಡೆ ಇರೋ ನಮ್ಮ ಸಂಬಂಧಿಕರಿಗೆ ಅಲ್ಲಿ ಲಂಬಾಡಾ ಅಂತಾನೇ ಕರೀತಾರ. ಕಾಲೇಜಿನಾಗ ಆ ಹಾಡು ಬಂದ್ರ ಗೆಳತ್ಯಾರು 'ನಿಮ್ ಜಾತಿ ಹಾಡು ಬಂತು ಕುಣಿ' ಅಂತ ಕಾಡಸ್ತಾರ. ಆ ಹಾಡು ನಿಜಕ್ಕೂ ನಮ್ದಾ?
– ಡಿಗ್ರಿ ವಿದ್ಯಾರ್ಥಿನಿ, ಸಂಡೂರು ತಾಲೂಕಿನ ಒಂದು ತಾಂಡಾ

ಇಲ್ಲ ತಂಗಿ, ನಿಮ್ದಲ್ಲ. ಆದ್ರ ಈ ಅನುಮಾನ ನಿನಗೊಬ್ಬಾಕಿಗೇ ಬಂದದ್ದಲ್ಲ. 1990ರ ಆಸುಪಾಸು ನಾನು ಚಡ್ಡಿ ಹುಡುಗ, ನಮ್ಮ ಓಣಿಯೊಳಗ ಎಲ್ರೂ ನಂಬಿದ್ದು ಏನಂದ್ರ, ಯಾರೋ ಫಾರಿನ್‌ದವ್ರು ಟೇಪ್ ರೆಕಾರ್ಡರ್ ಹಿಡ್ಕೊಂಡು ಸಂಡೂರ್ ಗುಡ್ಡದಾಗಿನ ತಾಂಡಾಕ್ಕ ಬಂದು ಹಾಡು ತುಂಬ್ಕೊಂಡು ಹೋಗ್ಯಾರ ಅಂತ. ನಾನಂತೂ ಒಂದು ಹೆಜ್ಜಿ ಮುಂದ ಹೋಗಿ, ಆ ಫಾರಿನ್‌ದವ್ರ ಜೀಪ್ ನಾನೇ ನೋಡೀನಿ ಅಂತ ಸಾಲಿಯೊಳಗ ಹೇಳಿದ್ದೆ. ಸುಳ್ಳು. ಈಗ ಒಪ್ಕೋತೀನಿ.

ಹೆಸರು ಒಂದೇ ಥರ ಕೇಳಿಸ್ತೈತಿ ಖರೆ, ಬೇರು ಬ್ಯಾರೆ. ಹಾಡಿನ ಲಂಬಾಡಾ ಬ್ರೆಜಿಲ್ ದೇಶದ ಪೋರ್ಚುಗೀಸ್ ಮಾತು, ಏಟು ಅಂತ ಅರ್ಥ, ಬಾರಕೋಲು ಬೀಸಿದ್ರ ಛಟೀರ್ ಅಂತೈತಲ್ಲ ಆ ಏಟು. ಆ ದೇಶದ ಉತ್ತರದಾಗ ಪಾರಾ ಅಂತ ಒಂದು ರಾಜ್ಯ ಐತಿ, ಅಮೆಜಾನ್ ನದಿ ಸಮುದ್ರ ಸೇರೋ ಕಡಿ. ಅಲ್ಲಿ ಕರಿಂಬೋ ಅನ್ನೋ ಊರ ಕುಣಿತಕ್ಕ ಆ ಕಡಿ ಕೆರಿಬಿಯನ್ ದ್ವೀಪಗಳಿಂದ ರೇಡಿಯೋದಾಗ ಬರ್ತಿದ್ದ ಹಾಡಿನ ತಾಳ ಕೂಡಿ, ಗಿಟಾರ್ ಹಿಡ್ದು ನುಡ್ಸೋ ಒಂದು ಹೊಸ ಥರದ ಸಂಗೀತ ಹುಟ್ಟಿತು, ಅದಕ್ಕ ಲಂಬಾಡಾ ಅಂದ್ರು. ಮೆಸ್ತ್ರೆ ವಿಯೇರಾ ಅನ್ನೋ ಗಿಟಾರ್ ಉಸ್ತಾದ್ 1978ರಾಗ ತಮ್ಮ ರೆಕಾರ್ಡ್ ಹೆಸರಿನಾಗೇ ಈ ಮಾತು ಇಟ್ಕೊಂಡಿದ್ರು. ಅಂದ್ರ ಜಗತ್ತೆಲ್ಲಾ ಕೇಳಿದ ಹಾಡಿಗಿಂತ ಹತ್ತು ಹನ್ನೊಂದ್ ವರ್ಷ ಮೊದಲೇ ಆ ಹೆಸರು ಚಾಲ್ತಿಯೊಳಗಿತ್ತು.

ಇನ್ನ ನಿಮ್ಮ ಹೆಸರು. ಲವಣ ಅಂದ್ರ ಉಪ್ಪು, ಉಪ್ಪು ಹೇರ್ಕೊಂಡು ಊರೂರು ತಿರುಗಿ ವ್ಯಾಪಾರ ಮಾಡಿದ್ದಕ್ಕ ಲಂಬಾಣಿ ಅಂತ ಬಂತು ಅಂತ ಬಹಳ ಮಂದಿ ಹೇಳ್ತಾರ. ನಿಮ್ಮ ಮನಿಯೊಳಗ ನೀವು ನಿಮಗ 'ಗೋರ್' ಅಂತಾನೇ ಅಂದ್ಕೋತೀರಿ, ಅದೂ ನನಗ ಗೊತ್ತು. ಮೊಘಲರ ದಂಡಿಗೆ, ಆಮ್ಯಾಲ 1791-92ರಾಗ ಟಿಪ್ಪು ಮ್ಯಾಲ ಏರಿ ಬಂದ ಕಾರ್ನ್‌ವಾಲಿಸ್ ದಂಡಿಗೆ, ಎತ್ತಿನ ಬೆನ್ನ ಮ್ಯಾಲ ದವಸ ಹೇರಿ ತಂದು ಹಾಕಿದವ್ರು ಬಂಜಾರರೇ, ಅಂದ್ರ ನಿಮ್ಮ ಮಂದೀನೇ. ರೈಲು ಬಂದ ಮ್ಯಾಲ ಆ ಕೆಲಸ ಹೋತು, ಅದು ಬ್ಯಾರೆ ಕಥಿ.

ಗೆಳತ್ಯಾರು ಮತ್ತ ಕಾಡಿಸಿದ್ರ ಇಷ್ಟು ಹೇಳು. ಸಂಡೂರು ಲಂಬಾಣಿ ಕಸೂತಿಗೆ 2010ರಾಗ ಜಿಐ ಟ್ಯಾಗ್ ಸಿಕ್ಕೈತಿ, 2023ರ ಜುಲೈದಾಗ ಹಂಪಿಯೊಳಗ ಜಿ20 ಸಭಿ ಆದಾಗ ನಿಮ್ಮ ಹೆಣ್ಮಕ್ಕಳು ಹೊಲ್ದ 1,755 ಸಾಮಾನು ಒಂದೇ ಕಡಿ ಜೋಡ್ಸಿ ಇಟ್ಟಿದ್ದು ಗಿನ್ನೆಸ್ ದಾಖಲೆ ಆಗೈತಿ. ಅದು ನಿಮ್ದು. ಈ ಹಾಡಿನ ಹೆಸರು ಬ್ರೆಜಿಲ್ ಕಡೀದು, ಧಾಟಿ ಬೊಲಿವಿಯಾದವ್ರದ್ದು, ಹೆಂಗ ಅಂತ ಮುಂದ ಹೇಳ್ತೀನಿ.

ಪ್ರಶ್ನೆ: ಲಂಬಾಡಾ ಹಾಡು ಒಬ್ರು ಬೊಲಿವಿಯಾದ್ದು ಅಂತಾರ, ಒಬ್ರು ಬ್ರೆಜಿಲ್‌ದ್ದು ಅಂತಾರ, ನಾನು ಯೂಟ್ಯೂಬಿನಾಗ ನೋಡಿದ್ರ ಫ್ರಾನ್ಸ್ ಬ್ಯಾಂಡ್ ಅಂತ ಅದ. ನನ್ ಮಗ ಕೇಳಿದ್ರ ಇದು ಅಮೆರಿಕಾದ ಗಾಯಕಿ ಜೆನಿಫರ್ ಲೋಪೆಜ್ ಹಾಡು ಅಂತಾನ. ಯಾರ್ ಮಾತು ನಂಬ್ಲಿ?
– ನಿವೃತ್ತ ಮೇಷ್ಟ್ರು, ರಾಯಚೂರು

ಎಲ್ರ ಮಾತೂ ನಂಬ್ರಿ ಮೇಷ್ಟ್ರೇ, ಎಲ್ರೂ ಒಂದೊಂದು ತುಣುಕು ಖರೇನೇ ಹೇಳಾಕತ್ಯಾರ.

ಮೊದಲು ಬೊಲಿವಿಯಾ. ಅಲ್ಲಿ ಕೊಚಬಂಬಾ ಅಂತ ಊರು, ಸಮುದ್ರ ಮಟ್ಟಕ್ಕಿಂತ ಎರಡೂವರಿ ಸಾವಿರ ಮೀಟರ್ ಎತ್ತರದಾಗೈತಿ. ಆ ಕಡಿಯ 'ಲೋಸ್ ಕಾರ್ಕಾಸ್' ಅನ್ನೋ ತಂಡದ ಉಲಿಸೆಸ್ ಮತ್ತು ಗೊನ್ಸಾಲೊ ಎರ್ಮೋಸಾ ಅನ್ನೋ ಅಣ್ಣತಮ್ಮಂದಿರು ಕಟ್ಟಿದ ಹಾಡು ಇದು. 1981ರಾಗ ರೆಕಾರ್ಡ್ ಆತು. 'ಯೊರಾಂದೊ ಸೆ ಫುಎ' ಅಂತ ಹೆಸರು, 'ಅಳುತಾ ಹೋದಳು' ಅಂತ ಅರ್ಥ. ಬಿದಿರಿನ ಕೊಳವಿ ಸಾಲಾಗಿ ಜೋಡ್ಸಿದ ಊದೋ ವಾದ್ಯ ಐತಲ್ಲ, ಆಂಡಿಸ್ ಗುಡ್ಡದ ಮಂದೀದು, ಅದ್ರ ಮ್ಯಾಲ ನುಡಿಸ್ಯಾರ. ಕೇಳಿದ್ರ ಚಳಿ ಊರಿನ ಹಾಡು ಅಂತ ಗೊತ್ತಾಗ್ತೈತಿ, ತೆಂಗಿನ ಮರ ಕಾಣಂಗೇ ಇಲ್ಲ.

ಇಲ್ಲೊಂದ್ ಮಜಾ ನೋಡ್ರಿ. ಇಡೀ ಜಗತ್ತು ಇದನ್ನ ಬೀಚ್ ಹಾಡು ಅಂತ ಕುಣೀತು, ಆದ್ರ ಬೊಲಿವಿಯಾಕ್ಕ ಸಮುದ್ರಾನೇ ಇಲ್ಲ! 1879ರಾಗ ಚಿಲಿ ಜೊತಿ ಶುರುವಾದ ಯುದ್ಧದಾಗ ಇದ್ದ ಕರಾವಳಿ ಕಳ್ಕೊಂಡು ಕುಂತಾರ ಅವ್ರು. ನಮ್ ಬಳ್ಳಾರಿ, ರಾಯಚೂರು, ಕೊಪ್ಪಳದಂಗ. ನಮಗ ತುಂಗಭದ್ರಾ ಡ್ಯಾಮ್‌ನ ಹಿನ್ನೀರೇ ಸಮುದ್ರ.

ಅಲ್ಲಿಂದ ಹಾಡು ಗುಡ್ಡ ಇಳೀತು. 1984ರಾಗ ಪೆರು ದೇಶದ 'ಕ್ವಾರ್ತೆತೊ ಕಾಂತಿನೆಂತಾಲ್' ಅನ್ನೋ ತಂಡ ಕೊಳವಿ ವಾದ್ಯ ತೆಗ್ದು ಆ ಜಾಗಕ್ಕ ಅಕಾರ್ಡಿಯನ್ ಹಾಕಿ ಕುಂಬಿಯಾ ಅನ್ನೋ ಕುಣಿತದ ತಾಳಕ್ಕ ಕೂಡಿಸ್ತು. ನನ್ನ ಕೇಳಿದ್ರ ಹಾಡಿನ ಹಣಿಬರ ಬದಲಾಗಿದ್ದು ಇಲ್ಲೇ. ಆಮ್ಯಾಲ ಇದನ್ನ ಜಗತ್ತಿಗೆ ಮುಟ್ಟಿಸಿದ ಪ್ಯಾರಿಸ್ ತಂಡ ಕಾಓಮಾ ಅಲ್ಲ, ಜೆನಿಫರ್ ಅಲ್ಲ, ಈ ಅಕಾರ್ಡಿಯನ್. ಯಾಕಂದ್ರ ಆಮ್ಯಾಲ ಬಂದ ಎಲ್ರೂ ಅದನ್ನ ಹಿಡ್ಕೊಂಡೇ ಹೋಗ್ಯಾರ, ಆ ಪೀಪೀ ದನಿ ತೆಗೆದ್ರ ನಮಗ ಲಂಬಾಡಾ ಅಂತ ಗುರ್ತೇ ಸಿಗಂಗಿಲ್ಲ. ಅಕಾರ್ಡಿಯನ್ ಅಂದ್ರ ನಮ್ಮ ಪೇಟಿ ಮಾಸ್ತರ ಹಾರ್ಮೋನಿಯಂನ ದಾಯಾದಿ, ಎರಡರಾಗೂ ಗಾಳಿ ಹೊಡ್ದು ಲೋಹದ ಪಟ್ಟಿ ನಡುಗ್ಸೋದೇ ಕೆಲಸ. ಅದಕ್ಕೇ ಏನೋ ಈ ಹಾಡು ನಮ್ಮ ಕಿವಿಗೆ ಪರದೇಶದ್ದು ಅಂತ ಅನ್ನಿಸ್ಲೇ ಇಲ್ಲ.

1986ರಾಗ ಮಾರ್ಸಿಯಾ ಫೆರೇರಾ ಅನ್ನೋ ಬ್ರೆಜಿಲ್ ಗಾಯಕಿ ಇದನ್ನ ಪೋರ್ಚುಗೀಸಿಗೆ ತಂದು, ಲಂಬಾಡಾ ಕುಣಿತಕ್ಕ ಹೊಂದಿಸಿ ಹಾಡಿದ್ರು. ಆ ಹೊತ್ತಿಗೆ ಕುಣಿತ ಪಾರಾದಿಂದ ಕೆಳಗಿಳ್ದು ಬಹಿಯಾ ರಾಜ್ಯದ ಬೀಚಿಗೆ ಬಂದಿತ್ತು. ಅಲ್ಲಿಗೆ ಪ್ಯಾರಿಸ್‌ನಿಂದ ಕೆಲವು ನಿರ್ಮಾಪಕರು ಬಂದ್ರು, ನೋಡಿದ್ರು, ಇದ್ರಾಗ ದುಡ್ಡೈತಿ ಅಂತ ಗೊತ್ತಾತು. ಪ್ಯಾರಿಸ್‌ಗೆ ವಾಪಸ್ ಹೋಗಿ ಸೆನೆಗಲ್, ಕೆರಿಬಿಯನ್, ಬ್ರೆಜಿಲ್ ಹಿಂಗ ಕಂಡ ಕಂಡ ಕಡಿಯ ಕಲಾವಿದ್ರನ್ನ ಕೂಡಿಸಿ 'ಕಾಓಮಾ' ಅಂತ ತಂಡ ಕಟ್ಟಿದ್ರು, ಬ್ರೆಜಿಲ್‌ನ ಲೊಆಲ್ವಾ ಬ್ರಾಸ್ ಹಾಡಿದ್ರು, ಬಹಿಯಾದ ತ್ರಾಂಕೋಸೊ ಬೀಚ್‌ನಾಗ ವಿಡಿಯೋ ತೆಗ್ದ್ರು, ಫ್ರಾನ್ಸಿನ ಒಂದು ಟಿವಿ ಚಾನೆಲ್ ಮತ್ತ ಒಂದು ಕಿತ್ತಳಿ ಹಣ್ಣಿನ ಸೋಡಾ ಕಂಪನಿ ಕೂಡಿ ಬೇಸಿಗಿ ಪೂರ್ತಿ ಅದನ್ನ ಬಡಿದ್ರು. ಅದು 1989. ಫ್ರಾನ್ಸ್‌ನಾಗ 12 ವಾರ ಒಂದನೇ ನಂಬರ್, ಬ್ರಿಟನ್‌ನಾಗ ನಾಕನೇದ್ದು, ಅಮೆರಿಕಾದಾಗ ಮಾತ್ರ 46ಕ್ಕ ನಿಂತ್ಕೊಂತು. ಆ ಒಂದೇ ವರ್ಷ ಲೋಕದ ತುಂಬ 50 ಲಕ್ಷ ರೆಕಾರ್ಡ್ ಖರ್ಚಾದ್ವು.

ಎಲ್ಲಾ ಚಂದ. ಆದ್ರ ರೆಕಾರ್ಡ್ ಲೇಬಲ್ ಮ್ಯಾಲ ಹಾಡು ಬರ್ದವ್ರು ಅಂತ ಯಾರ ಹೆಸರಿತ್ತು? 'ಶಿಕೊ ದಿ ಒಲಿವೇರಾ'. ಅಂಥಾ ಕವಿ ಇರ್ಲೇ ಇಲ್ಲ! ಪ್ಯಾರಿಸ್ ನಿರ್ಮಾಪಕರ ಕಡಿಯವ್ರು ಇಟ್ಕೊಂಡ ಸುಳ್ಳು ಹೆಸರು ಅದು. ಎರ್ಮೋಸಾ ಅಣ್ಣತಮ್ಮಂದಿರು ಕೇಸ್ ಹಾಕಿದ್ರು, ಮಾರ್ಸಿಯಾನೂ ಕೋರ್ಟಿಗೆ ಹೋದ್ರು, ಆಮ್ಯಾಲೆ ಹೆಸರೂ ಬಂತು ಹಣಾನೂ ಬಂತು. ಉಲಿಸೆಸ್ 1992ರಾಗೇ ತೀರ್ಕೊಂಡ್ರು. ನಿಮ್ ಮಗ ಹೇಳೋ ಜೆನಿಫರ್ ಲೋಪೆಜ್ ಹಾಡು ಇದೇ ಧಾಟಿ ಹಾಕ್ಕೊಂಡು ಬಂದ 2011ರದ್ದು, ಅದ್ರಾಗ ಎರ್ಮೋಸಾ ಹೆಸರು ಮೊದಲಿಂದಾನೇ ಐತಿ. ಲೊಆಲ್ವಾ ಬ್ರಾಸ್ ಅವ್ರನ್ನ 2017ರ ಜನವರಿಯೊಳಗ ಬ್ರೆಜಿಲ್‌ನಾಗ ಕೊಲಿ ಮಾಡಿದ್ರು, ಆ ಸುದ್ದಿ ಓದಿದ ದಿನ ನಾನು ಹಾಡು ಹಾಕೂ ಇಲ್ಲ, ಕೇಳೂ ಇಲ್ಲ.

ಪ್ರಶ್ನೆ: ಹಿಂದಿ 'ಘಾಯಲ್' ಪಿಕ್ಚರ್‌ನಾಗ ಇದೇ ಟ್ಯೂನ್ ಐತಿ. ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಕದ್ದದ್ದು ಅಂತ ನಾನಂತೀನಿ, ನಮ್ ಮಾವ 'ಕದಿಯೋದೇನ್ ಬಂತು, ನಮ್ ನಾಟಕದಾಗ ಎಲ್ಲಾ ಧಾಟಿ ಹಂಗೇ ಅಲ್ಲೇನು' ಅಂತಾನ. ಯಾರ್ದು ಸರಿ?
– ಕಿರಾಣಿ ಅಂಗಡಿ, ಕುಷ್ಟಗಿ

ನಿಮ್ ಮಾವ ದೊಡ್ಡ ಮಾತು ಹೇಳ್ಯಾರ, ಅರ್ಧ ಸರಿ. ಅದೇ ಟ್ಯೂನ್ ಹೌದು, 1990ರ ಪಿಕ್ಚರು, ಕಾಓಮಾ ಬಂದ ಮರುವರ್ಷಾನೇ. ಕೌಲ್ ಬಜಾರ್ ಹತ್ರ ಒಂದು ಅಂಗಡಿಯೊಳಗ ಖಾಲಿ ಕ್ಯಾಸೆಟ್ ಕೊಟ್ಟು ಹಾಡು ತುಂಬಿಸ್ಕೊಳ್ಳೋ ಕಾಲ, ನನ್ನ ಕ್ಯಾಸೆಟ್ಟಿನಾಗ ಎ ಸೈಡಿಗೆ ಹಿಂದಿ, ಬಿ ಸೈಡಿಗೆ ಫಾರಿನ್, ಅಂಗಡಿಯಾತ ಎರಡಕ್ಕೂ ಬಾಲ್‌ಪೆನ್ನಿನಾಗ 'ಲಂಬಾಡಾ' ಅಂತಾನೇ ಬರ್ದು ಕೊಟ್ಟಿದ್ದ. ಒಂದ್ ಥರದಾಗ ಆತನೇ ನಮ್ಮೂರಿನ ಮೊದಲ ಪ್ರಾಮಾಣಿಕ ಮನುಷ್ಯ ಅನ್ರಿ.

ಈಗ ಮಾವನ ಮಾತಿಗೆ ಬರೂಣು. ನಮ್ ಕಡಿ ಕಂಪನಿ ನಾಟಕ ಇರ್ಲಿ, ಬಯಲಾಟ ಇರ್ಲಿ, ಭಜನಿ ಇರ್ಲಿ, ಮೊಹರಂ ರಿವಾಯತ್ ಪದ ಇರ್ಲಿ, ಹೊಸ ಪದ ಹಳೇ ಧಾಟಿ ಅನ್ನೋದು ಮೊದಲಿಂದ ಬಂದ ರಿವಾಜು. ಮರಾಠಿ ನಾಟಕದ ಮಟ್ಟು ತಂದು ಕನ್ನಡ ಹಾಡು ಕಟ್ಟ್ಯಾರ, ಸಿನಿಮಾ ಹಾಡಿನ ಧಾಟಿಗೆ ದೇವರ ಪದ ಕಟ್ಟ್ಯಾರ, ಈಗ ಡಿಜೆ ಜಾನಪದ ಅಂತ ಬರಾಕತ್ತಾವಲ್ಲ ಅದ್ರಾಗೂ ಅದೇ. ಯಾರೂ ಇದನ್ನ ಕಳವು ಅಂದಿಲ್ಲ. ನಾನೂ ಅನ್ನಂಗಿಲ್ಲ.

ಆದ್ರ ನಿಮ್ ಮಾವನ ಮನಿಯೊಳಗ ಹಳೇ ಪದದ ಪುಸ್ತಕ ಇದ್ರ ತೆಗ್ದು ನೋಡ್ರಿ, ಸಂತಿಯೊಳಗ ಮಾರ್ತಿದ್ರಲ್ಲ ತೆಳ್ಳಂದು, ಕೆಟ್ಟ ಕಾಗದದ್ದು. ಪ್ರತಿ ಪದದ ತಲಿ ಮ್ಯಾಲ ಸಣ್ಣಕ್ಷರದಾಗ 'ಧಾಟಿ' ಅಂತ ಹಾಕಿ ಇಂಥಾ ಹಾಡಿಂದು ಅಂತ ಬರ್ದಿರ್ತಾರ. ಅಚ್ಚು ತಪ್ಪು ನೂರು ಇರ್ತಾವ, ಕವಿ ಹೆಸರೂ ಒಮ್ಮೊಮ್ಮಿ ತಪ್ಪಿರ್ತೈತಿ, ಆದ್ರ ಧಾಟಿ ಸಾಲು ಇದ್ದೇ ಇರ್ತೈತಿ. ಹಾಡೋನಿಗೆ ಟ್ಯೂನ್ ಗೊತ್ತಾಗ್ಲಿ ಅಂತ ಅನುಕೂಲಕ್ಕ ಬರ್ದದ್ದು ಅದು, ಯಾವ ಕಾನೂನಿಗೂ ಅಂಜಿ ಅಲ್ಲ. ಆದ್ರೂ ಧಾಟಿ ಯಾರ ಮನಿಯಿಂದ ಬಂತು ಅಂತ ಪುಸ್ತಕದಾಗ ಉಳೀತು. ಪ್ಯಾರಿಸ್‌ನ ಸೂಟು ಬೂಟಿನವ್ರು ಮಾಡದೇ ಬಿಟ್ಟದ್ದು ಇದೊಂದೇ. ಆ ಒಂದ್ ಸಾಲು ಹಾಕಿದ್ದಿದ್ರ ಕೇಸೂ ಇಲ್ಲ, ಕೋರ್ಟೂ ಇಲ್ಲ. ಹಿಂದಿ ಪಿಕ್ಚರ್‌ನವ್ರಿಗೂ ಇದೇ ಮಾತು.

ಇನ್ನೊಂದು ಸಣ್ಣ ತಕರಾರು ಐತಿ, ಅದನ್ನೂ ಹೇಳ್ಬೇಕು, ಇಲ್ಲಾಂದ್ರ ಎರ್ಮೋಸಾ ಅವ್ರನ್ನ ದೇವರು ಮಾಡಿ ಕುಂಡ್ರಿಸಿದಂಗ ಆಗ್ತೈತಿ. ಅವ್ರು ತಮ್ಮ ಹಾಡಿನ ಲಯಕ್ಕ 'ಸಾಯಾ' ಅಂದ್ರು. ಬೊಲಿವಿಯಾದಾಗ ಆಫ್ರಿಕಾ ಮೂಲದ ಮಂದಿ ಅದಾರ, ಗುಲಾಮರಾಗಿ ಬಂದವ್ರ ವಂಶದವ್ರು, ಅವ್ರು ಹೇಳೋದು ಏನಂದ್ರ 'ಸಾಯಾ ಅನ್ನೋದು ನಮ್ಮ ಡೋಲಿನ ಹಾಡು, ಇವ್ರು ನುಡ್ಸೋದು ಅದಲ್ಲ, ನಮ್ಮ ಹೆಸರನ್ನ ಅಷ್ಟೇ ತಗೊಂಡಾರ' ಅಂತ. ಕೇಸ್ ಗೆದ್ದವ್ರ ಮ್ಯಾಲೂ ಇನ್ನೊಬ್ರದ್ದು ಬಾಕಿ ಐತಿ ನೋಡ್ರಿ. ಮೂಲ ಹುಡ್ಕೋತ ಹೊಂಟ್ರ ಹಳ್ಳದ ಹುಟ್ಟು ಹುಡ್ಕಿದಂಗ, ಪ್ರತಿ ತಿರುವಿನಾಗೂ ಇನ್ನೊಂದು ಝರಿ ಬಂದು ಕೂಡ್ತೈತಿ.

ಪ್ರಶ್ನೆ: ಬಾಳೆಹಣ್ಣಿನ ಮ್ಯಾಲ ಒಂದು ಇಂಗ್ಲಿಷ್ ಹಾಡು ಐತಂತ, ಹೌದಾ? ನಮ್ದು ಬಾಳಿ ತೋಟ, ಅದಕ್ಕ ಕೇಳ್ದೆ.
– ರೈತ, ಕಂಪ್ಲಿ

ಐತಿ ಅಣ್ಣಾ. ಹ್ಯಾರಿ ಬೆಲಾಫಾಂಟೆ 1956ರಾಗ ಹಾಡಿದ 'ಡೇ-ಓ'. ಜಮೈಕಾದ ಬಂದರಿನಾಗ ರಾತ್ರಿಯಿಡೀ ಹಡಗಿಗೆ ಬಾಳಿಗೊನಿ ಹೊತ್ತು ಹಾಕೋ ಕೂಲಿಕಾರರ ಪದ ಅದು, ಬೆಳಕ ಹರೀತು, ಲೆಕ್ಕದಾಂವ ಬಂದು ಗೊನಿ ಎಣಿಸ್ಲಿ, ನಾವು ಮನಿಗೆ ಹೋಗ್ತೀವಿ ಅಂತ. ಯಾರ ಒಬ್ರ ರಚನೆ ಅಲ್ಲ, ಜನಪದ. ಎಡ್ರಿಕ್ ಕಾನರ್ ಅನ್ನೋರು ಬೆಲಾಫಾಂಟೆಗಿಂತ ಮೊದಲೇ ಹಾಡಿದ್ರು. ಗೊನಿ ಲೆಕ್ಕದಾಗ ಮೋಸ ಆಗೋ ಸಂಕಟ ನಿಮಗ ನನಗಿಂತ ಚೆನ್ನಾಗಿ ಗೊತ್ತು, ಕೇಳ್ರಿ, ಇಂಗ್ಲಿಷ್ ಬರ್ದಿದ್ರೂ ತಿಳೀತೈತಿ.

ಪ್ರಶ್ನೆ: ಲಂಬಾಡಾ ಡಾನ್ಸ್ ಬ್ಯಾನ್ ಆಗಿತ್ತಂತ ನಿಜಾನಾ?
– ಗಂಗಾವತಿ

ಹಂಗಂತ ಸುದ್ದಿ ಹಬ್ಬಿಸಿ ದುಡ್ಡು ಮಾಡ್ಕೊಂಡವ್ರು ಬಹಳ. 1990ರ ಮಾರ್ಚ್ 16ಕ್ಕ ಅಮೆರಿಕಾದಾಗ ಒಂದೇ ದಿನ ಎರಡು ಲಂಬಾಡಾ ಪಿಕ್ಚರ್ ಬಿಡುಗಡೆ ಆದ್ವು, ಪೈಪೋಟಿಗೆ ಬಿದ್ದು. ಒಂದರ ಹೆಸರೇ 'ನಿಷೇಧಿತ ಕುಣಿತ' ಅನ್ನೋ ಅರ್ಥದ್ದು. ಎರಡೂ ನೋಡೋದು ಬ್ಯಾಡ.

ಪ್ರಶ್ನೆ: ನಮ್ದು ಬ್ಯಾಂಡ್ ಸೆಟ್, ಮೂವತ್ತು ವರ್ಷದಿಂದ ಮದುವಿಗೆ ಲಂಬಾಡಾ ಬಾರಸ್ತೀವಿ. ಹೋದ ತಿಂಗಳು ಒಬ್ಬಾತ ಬಂದು 'ಕಾಪಿರೈಟ್ ಐತಿ, ಕೇಸ್ ಹಾಕ್ತಾರ' ಅಂತ ಹೆದರ್ಸಿದ. ನಮ್ಮಂಥೋರ ಮ್ಯಾಲೂ ಕೇಸ್ ಆಗ್ತೈತೇನ್ರಿ? ಹಂಗ ಇನ್ನೊಂದು, ಆ ಹಾಡಿನ ಅರ್ಥ ಪೂರ್ತಿ ಹೇಳ್ರಿ.
– ಬ್ಯಾಂಡ್ ಮಾಸ್ಟರ್, ಸಿರುಗುಪ್ಪ

ಮದುವಿಗೆ ಬಾರಿಸೋದಕ್ಕ ಹೆದರಬ್ಯಾಡ್ರಿ ಮಾಸ್ಟರ್. ನಮ್ಮ ದೇಶದ 1957ರ ಕಾಪಿರೈಟ್ ಕಾಯ್ದೆಯೊಳಗ 52ನೇ ಕಲಂ ಐತಿ, ಅದ್ರಾಗ ಧಾರ್ಮಿಕ ವಿಧಿ ನಡ್ಯಾಗ ಹಾಡು ನುಡ್ಸಿದ್ರ ಉಲ್ಲಂಘನೆ ಅಲ್ಲ ಅಂತ ಹೇಳಿ, ಕೆಳಗ ವಿವರಣಿಯೊಳಗ ಮದುವಿ ಮೆರವಣಿಗಿ, ಮದುವಿಗೆ ಸಂಬಂಧಪಟ್ಟ ಸಮಾರಂಭಾನೂ ಅದ್ರಾಗೇ ಬರ್ತಾವ ಅಂತ ಬಿಡಿಸಿ ಬರ್ದಾರ. ಕಾಯ್ದೆ ಬರ್ದವ್ರಿಗೂ ಮೆರವಣಿಗಿ ಬ್ಯಾಂಡ್ ನೆನಪಿತ್ತು ಅಂತ ನನಗ ಅದನ್ನ ಓದಿದಾಗ ಖುಷಿ ಆತು. ಟಿಕೆಟ್ ಇಟ್ಟು ಆರ್ಕೆಸ್ಟ್ರಾ ಮಾಡಿದ್ರ ಬ್ಯಾರೆ, ಲೈಸೆನ್ಸ್ ಬೇಕು. ನೀವೇ ರೆಕಾರ್ಡ್ ಮಾಡಿ ಕವರ್ ಅಂತ ಮಾರೋದಾದ್ರ ಅದೂ ಬ್ಯಾರೆ. 2012ರ ತಿದ್ದುಪಡಿ ಪ್ರಕಾರ ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳ್ದಿರ್ಬೇಕು, ಮೊದಲೇ ನೋಟಿಸು ಕೊಟ್ಟು ವರ್ಷಕ್ಕ ಕಡಿಮಿ ಅಂದ್ರೂ 50,000 ಪ್ರತಿಯ ಲೆಕ್ಕದಾಗ ರಾಯಲ್ಟಿ ಕಟ್ಟಬೇಕು, ಸಾಹಿತ್ಯ ಟ್ಯೂನ್ ಮನಸಿಗೆ ಬಂದಂಗ ತಿರುಚಂಗಿಲ್ಲ. ಅಂಥಾ ಕೆಲಸಕ್ಕ ಇಳಿಯೋಕ ಮೊದಲು ವಕೀಲರನ್ನ ಕೇಳ್ರಿ, ನನ್ನಲ್ಲ. ಹೆದರ್ಸಿದಾತ ಮತ್ತ ಬಂದ್ರ ಕೂಡಿಸಿ ಚಾ ಕುಡಿಸಿ ಕಳಸ್ರಿ.

ಅರ್ಥ ಕೇಳಿದ್ರಿ. ಮೂಲ ಹಾಡಿನಾಗ ಪ್ರೀತಿ ಮಾಡಿದಾಕಿ ಅಳುತಾ ಹೋಗ್ಯಾಳ, ಇಂವ ಒಬ್ಬಂಟಿ, ಕಾಲ ಹೋದ್ರೂ ಮರೆಯಲಾರದ ಪ್ರೀತಿ ಆಕಿಗೂ ನೆನಪಾಗ್ತೈತಿ ಅಂತ. ಪೋರ್ಚುಗೀಸಿನಾಗ ಸ್ವಲ್ಪ ಸಿಟ್ಟು ಕೂಡೈತಿ, ನನ್ನ ಅಳಿಸಿದವ್ರು ಈಗ ತಾವೇ ಅಳುತಾ ಹೋದ್ರು ಅಂತ. ಅಂದ್ರ ಮೂವತ್ತು ವರ್ಷದಿಂದ ನೀವು ಬಾರಿಸಿದ್ದು, ನಾವು ಕುಣಿದದ್ದು ಒಂದು ಅಳೋ ಹಾಡಿಗೆ. ಸ್ವರ ನೋಡ್ರಿ, ಮ್ಯಾಲಿಂದ ಶುರು ಆಗಿ ಮೆಟ್ಲು ಇಳ್ದಂಗ ಕೆಳಗ ಬರ್ತಾವ, ಬಿಕ್ಕಿದಂಗ. ತಾಳ ಜೋರೈತಿ ಅಂತ ನಮಗ ಗೊತ್ತಾಗಿಲ್ಲ ಅಷ್ಟೇ.

ಮೊದಲ ಪ್ರಶ್ನೆ ಕೇಳಿದ ಸಂಡೂರಿನ ತಂಗಿಗೂ ಇಲ್ಲೇ ಒಂದು ಮಾತು. ನಿಮ್ಮ ತಾಂಡಾದ ಮದುವಿಯೊಳಗ ಹೆಣ್ಣು ತವರು ಬಿಡೋ ಮುಂದ ಅವ್ವನ್ನ, ಗೆಳತ್ಯಾರನ್ನ ತಬ್ಕೊಂಡು ಅಳುತಾ ಹಾಡೋ ಢಾವಲೋ ಐತಲ್ಲ, ಅಳುತಾ ಹೋಗೋಳ ಹಾಡು ನಿಮ್ದೂ ಐತಿ ಅಂದಂಗಾತು. ಅಜ್ಜಿ ಇದ್ರ ಅವರ ಬಾಯಿಂದ ಫೋನಿನಾಗ ರೆಕಾರ್ಡ್ ಮಾಡಿಟ್ಕೋ, ಯಾರ ದನಿ, ಯಾವ ತಾಂಡಾ ಅಂತ ಹೆಸರು ಹಾಕಿ ಇಡು.

ಮಾಸ್ಟರ್, ನಿಮಗೊಂದ್ ಕೆಲಸ ಹೇಳ್ಲಾ? ಮುಂದಿನ ಮದುವಿಯೊಳಗ ಇದನ್ನ ಮೆರವಣಿಗಿಗೆ ಬಾರಿಸಬ್ಯಾಡ್ರಿ, ಹೆಣ್ಣು ಕಳಸೋ ಹೊತ್ತಿಗೆ ಇಟ್ಕೋರಿ. ಸೈಡ್ ಡ್ರಮ್‌ನವ್ರಿಗೆ ಸುಮ್ನಿರಾಕ ಹೇಳ್ರಿ, ಲಯ ಅರ್ಧಕ್ಕ ಇಳಸ್ರಿ, ಕ್ಲಾರಿನೆಟ್ ಒಂದೇ ಊದ್ಲಿ. ಏನಾತು ಅಂತ ನನಗ ಬರೀರಿ.